ನಡುಭಾಗದಲ್ಲಿ ನಿಂತ ಕಾದಂಬರಿ

ಕಾದಂಬರಿ ಅರ್ಧದಲ್ಲಿ ನಿಂತರೆ ಹೊಸ ಘಟನೆ ತುರುಕಬೇಡಿ. ಆರಂಭದಲ್ಲಿ ಎತ್ತಿದ ಪ್ರಶ್ನೆ ಬದಲಾಗಿದೆಯೇ ನೋಡಿ. ಅನಂತಮೂರ್ತಿಯವರ ‘ಸಂಸ್ಕಾರ’ (1965) ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬಲ್ಲಿ ಶುರುವಾಗುತ್ತದೆ. ನಾರಣಪ್ಪನ ಜೊತೆಗಿದ್ದ ಚಂದ್ರಿಯ ಸಂಗವಾದ ಮೇಲೆ, ಅದನ್ನು ತೀರ್ಮಾನಿಸಬೇಕಾದ ಪ್ರಾಣೇಶಾಚಾರ್ಯರಿಗೆ ತಾನು ಯಾರೆಂಬುದೇ ಪ್ರಶ್ನೆ. ಅಗ್ರಹಾರಕ್ಕೆ ಇನ್ನೂ ಹೆಣದ್ದೇ ಚಿಂತೆ, ಓದುಗರದು ಬೇರೆಡೆ ಹೊರಳಿದೆ. ಇನ್ನೊಂದು ಉದಾಹರಣೆಗೆ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಭೂಹೋರಾಟವನ್ನು ಯಾರೋ ಕಾದಂಬರಿ ಮಾಡುತ್ತಿದ್ದಾರೆ ಎಂದುಕೊಳ್ಳೋಣ. 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಧರಣಿ ಕೂತಿದ್ದು 2022ರಲ್ಲಿ. ಸರ್ಕಾರ ಅದನ್ನು ಕೈಬಿಟ್ಟಿದ್ದು 2025ರ ಜುಲೈನಲ್ಲಿ. ಸ್ವಾಧೀನದ ನೋಟಿಸು, ಗೆಲುವು ಎರಡನ್ನೂ ಬರೆದುಬಿಡಬಹುದು. ಕೈ ಕಟ್ಟುವುದು ನಡುವಿನ ಕಾಯುವಿಕೆ. ಧರಣಿಯ ದೃಶ್ಯ ಮೂರು ಸಲ ಬಂದರೆ ಒಳ್ಳೆಯ ಸಂಪಾದಕರು ಅಂಚಿನಲ್ಲಿ ಕೇಳುವುದಿಷ್ಟೇ: ಈ ಸಲ ಪೆಂಡಾಲಿಗೆ ಯಾರು ಬಂದಿಲ್ಲ? ಬಾರದಿದ್ದ ಕಥಾನಾಯಕನ ತಮ್ಮ, ರಾಗಿ ಹೊಲ ಮಾರಲು ಒಳಗೊಳಗೇ ಒಪ್ಪಿರಬಹುದು. ಆಗ ಭೂಮಿ ಉಳಿದೀತೇ ಎಂಬುದು ಮನೆ ಉಳಿದೀತೇ ಎಂದಾಗುತ್ತದೆ.

ಬೇರೆಯವರು ಕೈಯಾಡಿಸಿದರೆ ನನ್ನ ದನಿ ಕೆಡುತ್ತದೆ ಎಂಬ ಆತಂಕ ಸುಳ್ಳಲ್ಲ. ನಿಮ್ಮ ವಾಕ್ಯವನ್ನೇ ತಿರುಗಿ ಬರೆದುಕೊಡುವ ಸಂಪಾದಕರೂ ಇದ್ದಾರೆ. ಅಂಥ ತಿದ್ದುಪಡಿಗೆ ಮುಲಾಜಿಲ್ಲದೆ ಬೇಡ ಎನ್ನಿ. ಆದರೆ ಬೇಸರವಾಯಿತೆಂದು ಅವರು ಗುರುತು ಹಾಕಿದ ಪುಟವನ್ನು ನಂಬಿ. ಅದರ ಹಿಂದಿನ ಅಧ್ಯಾಯ ತೆಗೆದು ಓದಿ, ಗಂಟು ಬಹುಮಟ್ಟಿಗೆ ಅಲ್ಲೇ ಇರುತ್ತದೆ.