ಪಿಡುಗಿನ ಜಾಡು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲೂಕುಗಳು ಬೆಟ್ಟವೂ ಕಾಡೂ ಹೊಲಗದ್ದೆಗಳೂ ಒಂದನ್ನೊಂದು ಒತ್ತಿಕೊಂಡಿರುವ ಸೀಮೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಸಾಲು, ಮತ್ತೊಂದು ಕಡೆ ಮಲೆ ಮಹದೇಶ್ವರನ ಬೆಟ್ಟಗಳು. ಇವುಗಳ ಅಂಚನ್ನು ಬಳಸಿಕೊಂಡು ಹರಿಯುವ ಕಾವೇರಿ. ಬಯಲಿನಲ್ಲಿ ಭತ್ತ, ಹಿಪ್ಪುನೇರಳೆ. ಕಾಡಿನ ನಡುವೆ ಸೋಲಿಗರ ಪೋಡುಗಳು. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಾದಪ್ಪನ ದರ್ಶನಕ್ಕೆಂದು ದೂರದೂರದ ಊರುಗಳಿಂದ ಜನಸಾಗರವೇ ಬೆಟ್ಟವನ್ನೇರುತ್ತದೆ. ಹಾಗೆ ಬಂದವರು ಒಂದೇ ಕೊಳದ ನೀರನ್ನು ಮುಟ್ಟುತ್ತಾರೆ, ಒಂದೇ ಛತ್ರದಲ್ಲಿ ಮಲಗುತ್ತಾರೆ, ಮರುದಿನ ನೂರಾರು ಊರುಗಳಿಗೆ ಚದುರಿಹೋಗುತ್ತಾರೆ. ಅವರಲ್ಲೊಬ್ಬನ ಒಡಲಲ್ಲಿ ರೋಗಾಣು ಅಡಗಿದ್ದರೆ ಅದು ಎಷ್ಟು ದಾರಿಗಳನ್ನು ಹಿಡಿದೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಸೀಮೆಯನ್ನು ಹಿಂದೆ ಒಂದು ಗಡಿಯೂ ಸೀಳಿತ್ತು. ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲೂಕು. ಇಂದಿನ ಹನೂರು ತಾಲೂಕು ಆಗ ಕೊಳ್ಳೇಗಾಲದ ಭಾಗವೇ ಆಗಿತ್ತು. ಕೆಲವೇ ಹರದಾರಿಗಳ ಅಂತರದ ಎರಡು ಊರುಗಳಲ್ಲಿ ಒಂದೇ ಜ್ವರ ಕಾಣಿಸಿಕೊಂಡರೂ ಅದರ ಲೆಕ್ಕ ಎರಡು ಸರ್ಕಾರಗಳ ದಫ್ತರಗಳಲ್ಲಿ ಬೇರೆಬೇರೆಯಾಗಿ ಸೇರುತ್ತಿತ್ತು. ಜ್ವರಕ್ಕೆ ಮಾತ್ರ ಗಡಿಯ ಕಲ್ಲು ಕಾಣುತ್ತಿರಲಿಲ್ಲ. ಇಂದಿಗೂ ಹನೂರಿನ ಆಚೆಗೆ ತಮಿಳುನಾಡಿದೆ; ಜಿಲ್ಲೆಯ ಇನ್ನೊಂದು ಅಂಚಿನಲ್ಲಿ ಕೇರಳವಿದೆ.

ಪಿಡುಗು ಬಂದ ಮೇಲೆ ಔಷಧ ಹುಡುಕುವುದು ಒಂದು ಕೆಲಸ. ಅದು ಬರುತ್ತಿದೆಯೆಂಬುದನ್ನು ಮೊದಲೇ ಅರಿಯುವುದು ಇನ್ನೊಂದು. ಎರಡನೆಯದು ಕಣ್ಣಿಗೆ ಬೀಳದ ಕೆಲಸ. ಅದನ್ನು ಮಾಡುವವರಿಗೆ ಹಾರತುರಾಯಿಗಳು ದೊರೆಯುವುದು ಅಪರೂಪ. ಆದರೆ ಎಷ್ಟೋ ಸಲ ಸಾವುನೋವುಗಳ ಪ್ರಮಾಣವನ್ನು ನಿರ್ಧರಿಸುವುದು ಅದೇ.

1957ರ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯತೊಡಗಿದವು. ಅದೇ ಸಮಯದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗುತ್ತಿದ್ದವರು ತೀವ್ರವಾದ ಜ್ವರದಿಂದ ಮಲಗಿದರು. ಮೊದಲು ಅದನ್ನು ವಿಷಮಶೀತ ಜ್ವರವೆಂದು ಬಗೆಯಲಾಯಿತು. ಆದರೆ ಮಂಗನ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಮುಟ್ಟಿದಾಗ ಅಲ್ಲಿಯ ವಿಜ್ಞಾನಿಗಳು ಬೆಚ್ಚಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರವು ಮಂಗಗಳನ್ನು ಹೀಗೆಯೇ ಕೊಲ್ಲುತ್ತದೆ. ಭಾರತದಲ್ಲಿ ಎಂದೂ ಕಾಣಿಸದ ಆ ರೋಗ ಈಗ ಬಂದಿತೇ ಎಂಬುದು ಅವರ ಭಯ. ಕೇಂದ್ರದ ನಿರ್ದೇಶಕರಾಗಿದ್ದ ಟೆಲ್‌ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಕಾಡಿಗೆ ಬಂದು ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರವಾಗಿರಲಿಲ್ಲ. ಸೈಬೀರಿಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿಗೆ ಬಂಧುವಾದ ಹೊಸದೊಂದು ವೈರಸ್ ಅದು. ಕಾಡಿನ ಹೆಸರೇ ರೋಗಕ್ಕೂ ಬಂದಿತು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು.

ಈ ಹೆಸರು ಮಂಗನಿಗೆ ಸ್ವಲ್ಪ ಅನ್ಯಾಯವನ್ನೇ ಮಾಡಿದೆ. ರೋಗವನ್ನು ಹೊತ್ತು ತಿರುಗುವುದು ಕಾಡಿನ ಉಣ್ಣೆ. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಮರಿ ಉಣ್ಣೆಗಳು ಒಣಗಿದ ತರಗೆಲೆಯ ಮೇಲೆ ಕಾದಿದ್ದು, ಹಾದುಹೋಗುವ ಮಂಗನನ್ನೋ ಮನುಷ್ಯನನ್ನೋ ಕಚ್ಚುತ್ತವೆ. ಮಂಗವೂ ಮನುಷ್ಯನಂತೆಯೇ ಅದಕ್ಕೆ ಬಲಿ. ಆದರೆ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣ್ಣೆಗಳು ತಣ್ಣಗಾದ ದೇಹವನ್ನು ಬಿಟ್ಟು ಸುತ್ತಲಿನ ನೆಲಕ್ಕಿಳಿಯುತ್ತವೆ. ಆ ಜಾಗವು ಮುಂದೆ ಅಲ್ಲಿ ನಡೆದಾಡುವವರಿಗೆಲ್ಲ ಅಪಾಯಕಾರಿಯಾಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಆದುದರಿಂದ ಕಾಡಿನಲ್ಲಿ ಸತ್ತು ಬಿದ್ದ ಒಂದು ಮಂಗವು ರೋಗದ ಮುನ್ಸೂಚನೆ. ಅದನ್ನು ಕಂಡ ದನಗಾಹಿಯೋ ಅರಣ್ಯ ಕಾವಲುಗಾರನೋ ಅಂದೇ ತಿಳಿಸಿದರೆ ಆ ಸ್ಥಳದ ಸುತ್ತ ಕೀಟನಾಶಕವನ್ನು ಉದುರಿಸಬಹುದು, ಜನರು ಅತ್ತ ಸುಳಿಯದಂತೆ ತಡೆಯಬಹುದು. ವಾರ ಕಳೆದು ತಿಳಿಸಿದರೆ ಅಷ್ಟರಲ್ಲಿ ಸೌದೆಗೆ ಹೋದವರು ಹೋಗಿಬಂದಿರುತ್ತಾರೆ.

ಬಹುಕಾಲ ಈ ಕಾಯಿಲೆ ಮಲೆನಾಡು ಮತ್ತು ಕರಾವಳಿಯ ಐದು ಜಿಲ್ಲೆಗಳದೆಂದೇ ಜನ ತಿಳಿದಿದ್ದರು. 2012ರ ಕೊನೆಯಲ್ಲಿ ಆ ತಿಳಿವಳಿಕೆ ಸುಳ್ಳಾಯಿತು. ಚಾಮರಾಜನಗರ ಜಿಲ್ಲೆಯ ಬಂಡೀಪುರ ಕಾಡಿನಲ್ಲಿ ಮಂಗಗಳು ಸತ್ತವು. ಅವುಗಳ ಕಳೇಬರಗಳನ್ನು ಮುಟ್ಟಿ ಸುಟ್ಟುಹಾಕುವ ಕೆಲಸದಲ್ಲಿ ತೊಡಗಿದ್ದವರಲ್ಲಿ ಕೆಲವರು ಜ್ವರದಿಂದ ಮಲಗಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಪರೀಕ್ಷಿಸಿ ಇದು ಮಂಗನ ಕಾಯಿಲೆಯೇ ಎಂದು ದೃಢಪಡಿಸಿತು. ಮರುವರ್ಷ ಅದು ನೆರೆಯ ನೀಲಗಿರಿಯಲ್ಲೂ ವಯನಾಡಿನಲ್ಲೂ ಕಾಣಿಸಿಕೊಂಡಿತು. ಹತ್ತಿರವೇ ಇರುವ ಬಿಳಿಗಿರಿರಂಗನ ಬೆಟ್ಟದ ಕಾಡು, ಅದರಾಚೆಗೆ ಮಲೆ ಮಹದೇಶ್ವರ ಬೆಟ್ಟದ ಕಾಡು, ಇವುಗಳಲ್ಲಿ ಜೇನಿಗೂ ನೆಲ್ಲಿಕಾಯಿಗೂ ಅಲೆಯುವ ಸೋಲಿಗರಿಗೆ ಈ ಸುದ್ದಿ ಎಷ್ಟು ಮುಖ್ಯವಾದುದೆಂಬುದನ್ನು ವಿವರಿಸಬೇಕಾಗಿಲ್ಲ. ಈ ರೋಗಕ್ಕೆ ನೀಡುತ್ತಿದ್ದ ಹಳೆಯ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಬಳಿಕ ಮುನ್ನೆಚ್ಚರಿಕೆಯ ಬೆಲೆ ಇನ್ನಷ್ಟು ಹೆಚ್ಚಿತು.

ಹಾಗಾದರೆ ಸುದ್ದಿ ಸಾಗುವ ದಾರಿ ಯಾವುದು? ಭಾರತದಲ್ಲಿ 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭವಾಯಿತು. ಅದರಂತೆ ಮೂವರು ಮೂರು ಬಗೆಯ ಲೆಕ್ಕ ಬರೆಯತಕ್ಕದ್ದು. ಉಪಕೇಂದ್ರದ ಆರೋಗ್ಯ ಸಹಾಯಕಿಯು ರೋಗದ ಹೆಸರನ್ನು ಹೇಳಬೇಕಾಗಿಲ್ಲ. ಜ್ವರ, ಭೇದಿ, ಕೆಮ್ಮು, ಕಾಮಾಲೆ ಎಂದು ಕಂಡ ಲಕ್ಷಣವನ್ನು ಬರೆದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ರೋಗವು ಇಂಥದಿರಬಹುದೆಂಬ ತಮ್ಮ ಅಭಿಪ್ರಾಯವನ್ನು ಬರೆಯುತ್ತಾರೆ. ಪ್ರಯೋಗಾಲಯವು ಪರೀಕ್ಷೆಯಿಂದ ಖಚಿತವಾದುದನ್ನು ಬರೆಯುತ್ತದೆ. ಇವೆಲ್ಲವೂ ವಾರಕ್ಕೊಮ್ಮೆ ಜಿಲ್ಲಾ ಕೇಂದ್ರವನ್ನು ಸೇರುತ್ತಿದ್ದವು. 2021ರಿಂದ ದೇಶಾದ್ಯಂತ ಇವನ್ನು ಗಣಕಯಂತ್ರದ ಮೂಲಕ ಅಂದಂದೇ ಕಳುಹಿಸುವ ಏರ್ಪಾಡಾಗಿದೆ.

ಒಂದು ಹಳ್ಳಿಯಲ್ಲಿ ವಾರಕ್ಕೆ ಇಬ್ಬರಿಗೆ ಭೇದಿಯಾಗುವುದು ವಾಡಿಕೆಯೆಂದಿಟ್ಟುಕೊಳ್ಳೋಣ. ಈ ವಾರ ಹನ್ನೊಂದು ಮಂದಿಗೆ ಆಗಿದೆ, ಅವರೆಲ್ಲರೂ ಒಂದೇ ಬೀದಿಯವರು. ಲೆಕ್ಕ ಬರೆದವಳಿಗೆ ಕಾಲರಾ ರೋಗಾಣುವಿನ ಪರಿಚಯವಿಲ್ಲದಿದ್ದರೂ ಕುಡಿಯುವ ನೀರಿನ ಕೊಳವೆ ಎಲ್ಲಿಯೋ ಒಡೆದು ಚರಂಡಿಗೆ ಸೇರಿರಬೇಕೆಂಬ ಶಂಕೆ ಅಂಕೆಗಳಿಂದಲೇ ಮೂಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ರೋಗಿಗಳೇ ಇಲ್ಲದ ವಾರದಲ್ಲಿಯೂ ‘ಯಾರೂ ಇಲ್ಲ’ ಎಂದು ಸೊನ್ನೆ ಬರೆದು ಕಳುಹಿಸತಕ್ಕದ್ದು. ಕಾಗದವೇ ಬಾರದಿದ್ದರೆ ಊರು ಆರೋಗ್ಯವಾಗಿದೆಯೋ, ಬರೆಯಬೇಕಾದವರೇ ಹಾಸಿಗೆ ಹಿಡಿದಿದ್ದಾರೋ ತಿಳಿಯುವ ಬಗೆ ಹೇಗೆ?

ಊರಿನ ಲೆಕ್ಕ ಊರಿಗೆ ಸಾಲದು. 1952ರಲ್ಲಿ ಪೂರ್ವ ಆಫ್ರಿಕದ ಟಾಂಗನೀಕ ದೇಶದ ಮಕೊಂಡೆ ಪ್ರಸ್ಥಭೂಮಿಯಲ್ಲಿ ಒಂದು ಜ್ವರ ಹಬ್ಬಿತು. ಕೀಲುಗಳ ನೋವಿನಿಂದ ರೋಗಿಗಳು ಬಾಗಿ ನಡೆಯುತ್ತಿದ್ದುದನ್ನು ಕಂಡು ಅಲ್ಲಿಯ ಜನ ತಮ್ಮ ನುಡಿಯಲ್ಲಿ ಅದಕ್ಕೆ ‘ಬಗ್ಗಿಸುವಂಥದು’ ಎಂಬ ಅರ್ಥದ ಹೆಸರನ್ನಿಟ್ಟರು: ಚಿಕುನ್‌ಗುನ್ಯಾ. 2004ರಲ್ಲಿ ಕೀನ್ಯದ ಕರಾವಳಿಯಲ್ಲಿ ಅದು ಮತ್ತೆ ಎದ್ದಿತು. ಹಿಂದೂ ಮಹಾಸಾಗರದ ದ್ವೀಪಗಳನ್ನು ದಾಟಿ, ರಿಯೂನಿಯನ್ ದ್ವೀಪದ ಜನರಲ್ಲಿ ಮೂರರಲ್ಲೊಂದು ಪಾಲನ್ನು ಮಲಗಿಸಿ, 2005ರ ಕೊನೆಗೆ ಭಾರತವನ್ನು ಮುಟ್ಟಿತು. 2006ರಲ್ಲಿ ಕರ್ನಾಟಕವೊಂದರಲ್ಲಿಯೇ 7 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು ಲೆಕ್ಕಕ್ಕೆ ಸಿಕ್ಕಿದರು. ಮಕೊಂಡೆ ಜನರ ನುಡಿಯ ಒಂದು ಪದವು ಹೀಗೆ ಕನ್ನಡ ನಾಡಿನ ಹಳ್ಳಿಹಳ್ಳಿಯ ಜಗಲಿಗಳಲ್ಲಿ ನೆಲೆಯೂರಿತು. ಕೀನ್ಯದ ಕಡಲತೀರದ ಜ್ವರಕ್ಕೂ ತಮ್ಮ ಮನೆಯ ನೀರಿನ ತೊಟ್ಟಿಯ ಸೊಳ್ಳೆಗೂ ನಂಟಿದೆಯೆಂದು ಅಂದು ಎಷ್ಟು ಮಂದಿ ಅರಿತಿದ್ದಾರು!

ಆಫ್ರಿಕವು ಈ ವಿಷಯದಲ್ಲಿ ರೋಗಗಳ ತವರಷ್ಟೇ ಅಲ್ಲ, ಕಣ್ಗಾವಲಿನ ಪಾಠಶಾಲೆಯೂ ಹೌದು. 1966ರ ಡಿಸೆಂಬರಿನಲ್ಲಿ ನೈಜೀರಿಯದ ಪೂರ್ವಭಾಗದಲ್ಲಿ ಸಿಡುಬು ಕಾಣಿಸಿಕೊಂಡಾಗ ವಿಲಿಯಂ ಫೇಗಿ ಎಂಬ ವೈದ್ಯರ ಬಳಿ ಎಲ್ಲರಿಗೂ ಹಾಕುವಷ್ಟು ಲಸಿಕೆಯಿರಲಿಲ್ಲ. ಅವರು ಆ ಸೀಮೆಯ ಮಿಷನರಿಗಳೊಡನೆ ರೇಡಿಯೋ ಮೂಲಕ ಮಾತನಾಡಿ, ಪ್ರತಿಯೊಂದು ಹಳ್ಳಿಗೂ ಓಟಗಾರರನ್ನು ಕಳುಹಿಸಿ ಸಿಡುಬು ಇದೆಯೋ ಇಲ್ಲವೋ ತಿಳಿದುಬರುವಂತೆ ಕೇಳಿಕೊಂಡರು. ರೋಗವಿದ್ದ ಕಡೆ ಮಾತ್ರ, ರೋಗಿಯ ಸುತ್ತ ಬೇಲಿ ಕಟ್ಟಿದಂತೆ ಲಸಿಕೆ ಹಾಕಿದರು, ರೋಗ ನಿಂತಿತು. ಇದೇ ಕ್ರಮವನ್ನು ಭಾರತದಲ್ಲಿಯೂ ಅನುಸರಿಸಿ ಮನೆಮನೆಯಲ್ಲಿ ಹುಡುಕಾಟ ನಡೆಸಲಾಯಿತು. 1975ರ ಮೇ ತಿಂಗಳಲ್ಲಿ ಕಂಡದ್ದೇ ಈ ದೇಶದ ಕೊನೆಯ ಸಿಡುಬು.

ಸೆನೆಗಲ್‌ನಿಂದ ಇಥಿಯೋಪಿಯದವರೆಗೆ ಹಬ್ಬಿರುವ ಒಣನಾಡಿನ ಪಟ್ಟಿಯಲ್ಲಿ ಮೆದುಳುಪೊರೆಯ ಉರಿಯೂತವು ಬೇಸಗೆಯ ಧೂಳುಗಾಳಿಯೊಡನೆ ಬರುತ್ತದೆ. ಅಲ್ಲಿ ವಾರವಾರವೂ ಜಿಲ್ಲಾವಾರು ಎಣಿಕೆ ನಡೆಯುತ್ತದೆ. ಒಂದು ವಾರದಲ್ಲಿ ಲಕ್ಷಕ್ಕೆ 3 ಮಂದಿ ರೋಗಿಗಳಾದರೆ ಎಚ್ಚರಿಕೆ. 10 ಮಂದಿಯಾದರೆ ಪಿಡುಗೆಂದೇ ಘೋಷಣೆ. ಯಳಂದೂರು ತಾಲೂಕಿನಂತೆ ಸುಮಾರು 80 ಸಾವಿರ ಜನರಿರುವ ಸೀಮೆಯೊಂದು ಅಲ್ಲಿದ್ದರೆ, ವಾರಕ್ಕೆ ಮೂವರು ರೋಗಿಗಳು ಬಂದೊಡನೆ ಜಾಗೃತರಾಗಬೇಕು, ಎಂಟು ಮಂದಿಯಾದರೆ ಲಸಿಕೆಯ ಪೆಟ್ಟಿಗೆಗಳು ಹೊರಡಬೇಕು. ಐದು ರೋಗಿಗಳ ಅಂತರದಲ್ಲಿ ಕಾಲಹರಣಕ್ಕೆ ಎಡೆಯೆಲ್ಲಿ? 2010ರಲ್ಲಿ ಬುರ್ಕಿನಾ ಫಾಸೊ ದೇಶದಲ್ಲಿ ಈ ರೋಗದ ‘ಎ’ ಬಗೆಗೆ ಹೊಸ ಲಸಿಕೆಯೊಂದನ್ನು ಹಾಕತೊಡಗಿದರು. ಅದು ತಯಾರಾದುದು ಪುಣೆಯಲ್ಲಿ.

ಇಷ್ಟಾದರೂ ಯಾವ ಎಣಿಕೆಯೂ ಜನರು ಬಾಯಿ ಬಿಟ್ಟಾಗಲೇ ಮೊದಲಾಗುವುದು. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗ ಅಧಿಕಾರಿಗಳು ಮನೆಗಳನ್ನು ಹೊಕ್ಕು ಹುಡುಕಿದರು, ರೋಗಿಗಳನ್ನು ಬಂಧುಗಳಿಂದ ಬೇರ್ಪಡಿಸಿದರು. ಜನ ಹೆದರಿ ರೋಗಿಗಳನ್ನು ಬಚ್ಚಿಟ್ಟರು, ಶವಗಳನ್ನು ಗುಟ್ಟಾಗಿ ಸಾಗಿಸಿದರು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದಂಗೆಯೇ ಆಯಿತು. ಅಧಿಕಾರಿಗಳ ಉದ್ದೇಶವೇನೋ ಒಳ್ಳೆಯದೇ. ಆದರೆ ಸುದ್ದಿ ಕೊಟ್ಟವನಿಗೆ ದೊರೆತುದು ಶಿಕ್ಷೆ. 2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ಎಬೋಲ ಹಬ್ಬಿದಾಗಲೂ ಹೆದರಿದ ಹಳ್ಳಿಗಳು ಆರೋಗ್ಯ ಕಾರ್ಯಕರ್ತರಿಗೆ ದಾರಿಯನ್ನೇ ಮುಚ್ಚಿದವು. ಅದೇ ವರ್ಷ ನೈಜೀರಿಯದಲ್ಲಿ ಮಾತ್ರ, ರೋಗಿಗಳೊಡನೆ ಒಡನಾಡಿದ್ದ ಸುಮಾರು 900 ಮಂದಿಯ ಮನೆಗಳಿಗೆ ಕಾರ್ಯಕರ್ತರು ಮತ್ತೆ ಮತ್ತೆ ಹೋಗಿ ವಿಚಾರಿಸಿಕೊಂಡರು. ಅಲ್ಲಿ ರೋಗವು 20 ಮಂದಿಯಲ್ಲೇ ನಿಂತಿತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದಾಗಲೂ ಮೊದಲ ತೊಡಕು ಔಷಧದ್ದಾಗಿರಲಿಲ್ಲ. ಹೊರಗಿನವರನ್ನು ಕಂಡರೆ ಕಾಡಿನೊಳಕ್ಕೆ ಸರಿದುಬಿಡುವ ಸೋಲಿಗರ ವಿಶ್ವಾಸವನ್ನು ಪಡೆಯಲು ಪೋಡಿನಿಂದ ಪೋಡಿಗೆ ನಡೆಯಬೇಕಾಯಿತು. ಮುಂದೆ ಸೋಲಿಗರ ಮಕ್ಕಳೇ ಓದಿ ಆರೋಗ್ಯ ಕಾರ್ಯಕರ್ತರಾದರು. ಯಾವ ಗುಡಿಸಿಲಿನಲ್ಲಿ ಯಾರು ಮೂರು ದಿನದಿಂದ ಹೊರಗೆ ಬಂದಿಲ್ಲವೆಂಬುದು ಅವರಿಗೆ ಕೇಳದೆಯೇ ತಿಳಿಯುತ್ತದೆ. ಕಾಡಿನಲ್ಲಿ ಸತ್ತ ಮಂಗವನ್ನು ಕಂಡವನು ಆ ಸಂಜೆಯೇ ಬಂದು ಹೇಳುವುದು ಇಂಥವರ ಬಳಿಯಲ್ಲಿ.