ನಿನ್ನ ದನಿ ಎಲ್ಲೈತಿ?

ಧಾರವಾಡದಲ್ಲಿ ಮೂವತ್ತು ವರ್ಷಗಳಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಈಚಿನ ಹದಿನೈದು ವರ್ಷ ಕಲಿಸುತ್ತಲೂ ಇದ್ದೇನೆ. ನನ್ನ ದನಿ ನನ್ನದಾಗಲು ಇಷ್ಟು ಕಾಲ ಏಕೆ ಹಿಡಿಯಿತು, ಸಿಕ್ಕ ಮೇಲೂ ಎಲ್ಲಿ ಎಡವಿದೆ ಎಂದು ಯೋಚಿಸಿದರೆ ಈ ನಾಲ್ಕು ತಪ್ಪುಗಳು ನೆನಪಾಗುತ್ತವೆ.

1. ಅನುಕರಣೆಯಿಂದ ಹೊರಡಬಹುದು, ಅಲ್ಲೇ ಮನೆ ಮಾಡಬಾರದು.

ಹದಿನಾರನೇ ವಯಸ್ಸಿನಲ್ಲಿ ಮೆಚ್ಚಿನ ಗಾಯಕಿಯೊಬ್ಬರ ಕ್ಯಾಸೆಟ್ಟನ್ನು ಸವೆಯುವಷ್ಟು ಕೇಳಿದೆ. ಅವರು ಉಸಿರು ತೆಗೆದುಕೊಳ್ಳುವ ಜಾಗವನ್ನೂ ಬಿಡದೆ ಒಪ್ಪಿಸುತ್ತಿದ್ದೆ. "ಥೇಟ್ ಅವರ ಹಂಗ" ಎಂದು ಯಾರಾದರೂ ಅಂದರೆ ಹಿಗ್ಗುತ್ತಿದ್ದೆ. ಗುರುಗಳು ಮಾತ್ರ ಪೂರ್ತಿ ಕೇಳಿ, "ತಂಗಿ, ಇದು ಅವರ ದನಿ ಆತು. ನಿಂದು ಎಲ್ಲೈತಿ?" ಎಂದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರೂ ಬಾಲ್ಯದಲ್ಲಿ ದೊಡ್ಡ ಗಾಯಕರ ಹಾಡನ್ನು ಇದ್ದಂತೆಯೇ ಹಾಡಿ ಬೆರಗು ಹುಟ್ಟಿಸಿದವರು. ಮುಂದೆ ಕ್ಷಯರೋಗದಿಂದ ವರ್ಷಗಟ್ಟಲೆ ಹಾಡಲಾಗದೆ ದೇವಾಸದಲ್ಲಿದ್ದಾಗ ಮಾಳವದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಮತ್ತೆ ಹಾಡತೊಡಗಿದಾಗ ಅವರು ಯಾರಂತೆಯೂ ಹಾಡಲಿಲ್ಲ. ಅವರ ಕಥೆಯ ಮೊದಲ ಅರ್ಧವನ್ನೇ ನಾನು ಪೂರ್ತಿ ಕಥೆ ಎಂದುಕೊಂಡಿದ್ದೆ.

2. ಇರುವ ದನಿಗೆ ನಾಚಬಾರದು.

ನನ್ನದು ದಪ್ಪ ದನಿ. ಹೆಣ್ಣುಮಕ್ಕಳು ಹಾರ್ಮೋನಿಯಂನ ಕಪ್ಪು ಐದರ ಎತ್ತರದ ಶ್ರುತಿಯಲ್ಲೇ ಹಾಡಬೇಕೆಂದು ನಾನೇ ತೀರ್ಮಾನಿಸಿ, ದಿನವೂ ಮೇಲಿನ ಸಾ, ಅಂದರೆ ತಾರಷಡ್ಜಕ್ಕೆ ಏಗುತ್ತಿದ್ದೆ. ವರ್ಷದೊಳಗೆ ಗಂಟಲು ಕಟ್ಟಿ, ಮೂರು ತಿಂಗಳು ಹಾಡು ನಿಂತಿತು. ಗುರುಗಳು ಬೈಯಲಿಲ್ಲ. ತಂಬೂರಿಯನ್ನು ಕಪ್ಪು ಮೂರಕ್ಕೆ ಇಳಿಸಿ, ಗಂಗೂಬಾಯಿ ಹಾನಗಲ್ಲರ ಹಾಡು ಹಚ್ಚಿದರು. ಗಂಟಲಿನ ಚಿಕಿತ್ಸೆಯ ನಂತರ ಗಡಸಾದ ದನಿಯನ್ನು ಗಂಗೂಬಾಯಿ ಮುಚ್ಚಿಡಲಿಲ್ಲ, ಅದರಲ್ಲೇ ದಶಕಗಳ ಕಾಲ ಹಾಡಿದರು. ಅಂದು ಕೆಳಗಿನ ಪ, ಮಂದ್ರ ಪಂಚಮದ ಮೇಲೆ ನಿಂತಾಗ ನನ್ನ ಎದೆ ತುಂಬಿ ಬಂತು. ಅಷ್ಟು ದಿನ ಯಾವ ದನಿಯನ್ನು ಅಡಗಿಸಲು ಹೆಣಗಿದ್ದೆನೋ ಅದೇ ನನ್ನ ಕೈಹಿಡಿದಿತ್ತು.

3. ಬೇರೆಯಾಗಿ ಕಾಣುವ ಆತುರ ಸ್ವಂತಿಕೆಯಲ್ಲ.

ದನಿ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ಒಂದು ಬೈಠಕ್‌ನಲ್ಲಿ ಭೂಪ್ ರಾಗ ಹಾಡುತ್ತ, ಅದರಲ್ಲಿಲ್ಲದ ನಿಷಾದವನ್ನು ಬೇಕೆಂದೇ ಮುಟ್ಟಿದೆ. ತಬಲಾ ನುಡಿಸಿದ ಹಿರಿಯರು ಆಮೇಲೆ ಮೆಲ್ಲಗೆ, "ಹೊಸಾದು ಬಂತವ್ವಾ, ಭೂಪ್ ಎಲ್ಲಿ ಹೋತು?" ಎಂದರು. ಹಿರಿಯ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಮೊದಲು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಮಂಜೀಖಾನ್, ಬುರ್ಜೀಖಾನ್ ಅವರಲ್ಲಿ ಜೈಪುರ–ಅತ್ರೌಲಿ ಪದ್ಧತಿ ಕಲಿಯಲು ಮತ್ತೆ ಶಿಷ್ಯರಾದರು. ಅಂಥವರೇ ಅಷ್ಟು ಕಾಲ ಕಲಿಯುತ್ತ ಕೂತಿದ್ದರು. ನನಗೆ ಒಂದು ರಾಗದ ಐದು ಸ್ವರಗಳೊಂದಿಗೆ ಕೂರುವ ತಾಳ್ಮೆಯೂ ಇರಲಿಲ್ಲ.

4. ನನ್ನ ಗುರುತನ್ನು ಮಕ್ಕಳ ಮೇಲೆ ಹೇರಬಾರದು.

ಇದು ಇಂದಿಗೂ ನೋಯುವ ತಪ್ಪು. ಎಳೆಯಂಥ ಸಣ್ಣ, ಚುರುಕು ದನಿಯ ಹುಡುಗಿಯೊಬ್ಬಳು ಕಲಿಯಲು ಬರುತ್ತಿದ್ದಳು. ಮಂದ್ರದಲ್ಲಿ ನನಗೆ ಸಿಕ್ಕ ಸುಖ ಅವಳಿಗೂ ಸಿಗಲೆಂದು ಎರಡು ವರ್ಷ ಅವಳನ್ನು ಕೆಳಗೆ ಎಳೆದೆ. ಅವಳ ದನಿ ಮಂಕಾಯಿತು. ಒಂದು ದಿನ ಬರುವುದನ್ನೇ ಬಿಟ್ಟಳು. ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ ಗಂಗೂಬಾಯಿ, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಮೂವರ ಹಾಡೂ ಬೇರೆ ಬೇರೆ. ಇದನ್ನು ನಾನು ಬಲ್ಲೆ, ಕ್ಲಾಸಿನಲ್ಲಿ ಹೇಳಿಯೂ ಇದ್ದೆ. ಅವಳ ಎದುರು ಕೂತಾಗ ಮಾತ್ರ ಮರೆತೆ.

ಈಗ ಹೊಸ ಮಗು ಬಂದರೆ ಮೊದಲ ದಿನ ಪಾಠ ಇಲ್ಲ. ಅವ್ವ ಕಲಿಸಿದ ಜೋಗುಳವೋ, ಸಿನಿಮಾ ಹಾಡೋ, ಬಂದದ್ದನ್ನು ಹಾಡು ಎನ್ನುತ್ತೇನೆ. ಆ ದನಿ ನಿರಾಳವಾಗಿ ನಿಲ್ಲುವ ಜಾಗ ಸಿಗುವವರೆಗೆ ಕೇಳಿ, ತಂಬೂರಿಯ ಕಿವಿ ತಿರುವಿ ಅಲ್ಲಿಗೆ ಶ್ರುತಿ ಸೇರಿಸುತ್ತೇನೆ.