ಅಮೆರಿಕದ ಸಣ್ಣ ಕಾಲೇಜುಗಳನ್ನು ಅಳೆದು ನೋಡುವುದು ಹೇಗೆ?

ಎರಡನೇ ಪಿಯುಸಿ ಮುಗಿಸಿ ಪದವಿ ಓದಿಗೆ ಅಮೆರಿಕಕ್ಕೆ ಹೋಗಬಯಸುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರು ಲಿಬರಲ್ ಆರ್ಟ್ಸ್ ಕಾಲೇಜುಗಳ ವಿಷಯದಲ್ಲಿ ಎರಡು ತಪ್ಪುಗಳನ್ನು ಮೇಲಿಂದ ಮೇಲೆ ಮಾಡುತ್ತಾರೆ. ಹೆಸರು ಕೇಳಿಲ್ಲವೆಂಬ ಒಂದೇ ಕಾರಣಕ್ಕೆ ಒಳ್ಳೆಯ ಕಾಲೇಜನ್ನು ಪಟ್ಟಿಯಿಂದ ತೆಗೆದುಹಾಕುವುದು ಒಂದು. ರ‍್ಯಾಂಕಿಂಗ್‌ನಲ್ಲಿ ಮೇಲಿದೆ ಎಂಬ ಒಂದೇ ಕಾರಣಕ್ಕೆ ಬೇರೊಂದಕ್ಕೆ ಹಣ ಕಟ್ಟುವುದು ಇನ್ನೊಂದು. ಕಾಲೇಜಿನ ಖ್ಯಾತಿ ಮತ್ತು ಅಲ್ಲಿ ವಿದ್ಯಾರ್ಥಿಗೆ ದೊರೆಯುವ ನಾಲ್ಕು ವರ್ಷಗಳ ಅನುಭವ ಬೇರೆ ಬೇರೆ ಸಂಗತಿಗಳೆಂಬುದನ್ನು, ಆದ್ದರಿಂದ ಅವನ್ನು ಬೇರೆ ಬೇರೆ ಅಳತೆಗಳಿಂದಲೇ ನೋಡಬೇಕೆಂಬುದನ್ನು ಮರೆಯುವುದೇ ಈ ಎರಡೂ ತಪ್ಪುಗಳ ಮೂಲ.

ಲಿಬರಲ್ ಆರ್ಟ್ಸ್ ಕಾಲೇಜೆಂದರೆ ಪಿಯುಸಿಯ ಕಲಾ ವಿಭಾಗದ ಮುಂದುವರಿಕೆಯಲ್ಲ. ಗಣಿತ, ಭೌತವಿಜ್ಞಾನ, ಅರ್ಥಶಾಸ್ತ್ರ, ಸಾಹಿತ್ಯ, ಸಂಗೀತ ಎಲ್ಲವನ್ನೂ ಕಲಿಸುವ, ಬಹುಮಟ್ಟಿಗೆ ಪದವಿ ವಿದ್ಯಾರ್ಥಿಗಳಿಗಷ್ಟೇ ಮೀಸಲಾದ, ಸಾಮಾನ್ಯವಾಗಿ ಎರಡು ಸಾವಿರದ ಆಸುಪಾಸಿನ ವಿದ್ಯಾರ್ಥಿಗಳಿರುವ ವಸತಿ ಕಾಲೇಜು. ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ (1793) ಮತ್ತು ಆಮ್ಹರ್ಸ್ಟ್ (1821), ಅಯೋವಾದ ಗ್ರಿನೆಲ್ (1846), ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ (1864) ಈ ಬಗೆಯವು. 1989ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದ ಥಾಮಸ್ ಚೆಕ್ ಪದವಿ ಓದಿದ್ದು ಗ್ರಿನೆಲ್‌ನಲ್ಲಿ, 2020ರಲ್ಲಿ ಅದೇ ಪ್ರಶಸ್ತಿ ಪಡೆದ ಜೆನಿಫರ್ ಡೌಡ್ನಾ ಓದಿದ್ದು ಕ್ಯಾಲಿಫೋರ್ನಿಯಾದ ಪೊಮೊನಾ ಕಾಲೇಜಿನಲ್ಲಿ. ಕನ್ನಡಿಗರಿಗೆ ಚಿರಪರಿಚಿತರಾದ ಎ.ಕೆ. ರಾಮಾನುಜನ್ ಕೂಡ ಮಿನೆಸೋಟದ ಕಾರ್ಲ್‌ಟನ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಪಾಠ ಮಾಡಿದ್ದರು. ಹೀಗಾಗಿ ನೆರೆಹೊರೆಯವರಿಗೆ ಹೆಸರು ಗೊತ್ತಿಲ್ಲವೆಂಬುದು ಕಾಲೇಜಿನ ಗುಣಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೊದಲ ಹೆಜ್ಜೆಯಾಗಿ ಖ್ಯಾತಿಯ ಅಂಕ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಬೇಕು. ಹೆಚ್ಚು ಬಳಕೆಯಲ್ಲಿರುವ ಯು.ಎಸ್. ನ್ಯೂಸ್ ಪಟ್ಟಿ 1983ರಲ್ಲಿ ಆರಂಭವಾದಾಗ ಕಾಲೇಜುಗಳ ಅಧ್ಯಕ್ಷರ ಅಭಿಪ್ರಾಯ ಸಮೀಕ್ಷೆಯನ್ನಷ್ಟೇ ಆಧರಿಸಿತ್ತು. ಇಂದಿಗೂ ಅದರ ಒಟ್ಟು ಅಂಕದಲ್ಲಿ ಶೇ 20ರಷ್ಟು ಪಾಲು ಇತರ ಕಾಲೇಜುಗಳ ಆಡಳಿತಗಾರರು ನೀಡುವ 1ರಿಂದ 5ರವರೆಗಿನ ಅಂಕಗಳಿಂದ ಬರುತ್ತದೆ. ಅಂಕ ಕೊಡುವವರು ಆ ಕಾಲೇಜಿನ ತರಗತಿಯಲ್ಲಿ ಕುಳಿತಿರಬೇಕೆಂಬ ನಿಯಮವೇನೂ ಇಲ್ಲ. ಆರೆಗನ್ ರಾಜ್ಯದ ರೀಡ್ ಕಾಲೇಜು ಈ ಪದ್ಧತಿಯನ್ನು ಒಪ್ಪದೆ 1995ರಿಂದ ಪತ್ರಿಕೆಗೆ ಮಾಹಿತಿ ಕಳಿಸುವುದನ್ನೇ ನಿಲ್ಲಿಸಿತು, ಆದರೂ ಅಲ್ಲಿಂದ ಪಿಎಚ್.ಡಿ.ಗೆ ಹೋಗುವವರ ಪ್ರಮಾಣ ದೇಶದಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿ ಉಳಿದಿದೆ. ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ ಈ ಪತ್ರಿಕೆ ಪ್ರತ್ಯೇಕ ಪಟ್ಟಿ ಮಾಡುವುದರಿಂದ, ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಹುಡುಕಿ ಕಾಣಲಿಲ್ಲವೆಂದು ಕೈಬಿಡುವುದೂ ಸರಿಯಲ್ಲ.

ಎರಡನೆಯ ಹೆಜ್ಜೆ ತರಗತಿಯ ಗಾತ್ರವನ್ನು ಸರಿಯಾಗಿ ಓದುವುದು. ಇಲ್ಲಿಯೇ ಅತಿ ಹೆಚ್ಚು ಜನ ಎಡವುತ್ತಾರೆ. ಸಣ್ಣ ಕಾಲೇಜಿಗೆ ದೊಡ್ಡ ಶುಲ್ಕ ತೆರುವುದಕ್ಕೆ ಇರುವ ಮುಖ್ಯ ಸಮರ್ಥನೆಯೇ ಅಧ್ಯಾಪಕರು ಪ್ರತಿ ವಿದ್ಯಾರ್ಥಿಯ ಹೆಸರು ಬಲ್ಲಷ್ಟು ಸಣ್ಣ ತರಗತಿ. ಆದ್ದರಿಂದ ಪ್ರತಿಯೊಂದು ಕಾಲೇಜೂ ತನ್ನ ಕರಪತ್ರದಲ್ಲಿ ವಿದ್ಯಾರ್ಥಿ-ಅಧ್ಯಾಪಕರ ಅನುಪಾತವನ್ನು ದೊಡ್ಡಕ್ಷರಗಳಲ್ಲಿ ಮುದ್ರಿಸುತ್ತದೆ. ಅನುಪಾತ 9:1 ಎಂದಿದ್ದರೆ ತರಗತಿಯಲ್ಲಿ ಒಂಬತ್ತು ಮಂದಿ ಇರುತ್ತಾರೆಂದು ಪೋಷಕರು ಭಾವಿಸುತ್ತಾರೆ, ಅದು ನಿಜವಲ್ಲ. ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ನಾಲ್ಕು ಕೋರ್ಸ್ ಓದಿ, ಅಧ್ಯಾಪಕರು ಎರಡು ಕೋರ್ಸ್ ಬೋಧಿಸುವ ಕಾಲೇಜಿನಲ್ಲಿ ಒಂಬತ್ತು ವಿದ್ಯಾರ್ಥಿಗಳಿಗೆ ಮೂವತ್ತಾರು ಸ್ಥಾನಗಳು ಬೇಕು, ಅವು ಎರಡು ಕೋರ್ಸ್‌ಗಳಲ್ಲಿ ಹಂಚಿಹೋಗಬೇಕು. ಅಂದರೆ ಸರಾಸರಿ ತರಗತಿ ಹದಿನೆಂಟರದು. ಅಧ್ಯಾಪಕರು ಸಬ್ಯಾಟಿಕಲ್, ಅಂದರೆ ಸಂಶೋಧನೆಗೆಂದು ಕೊಡುವ ದೀರ್ಘ ರಜೆಯ ಮೇಲೆ ಹೋದ ವರ್ಷ ಅದು ಇನ್ನೂ ಹಿಗ್ಗುತ್ತದೆ.

ಸರಾಸರಿಯನ್ನು ನಂಬುವುದರಲ್ಲಿ ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಒಂದು ಕಾಲೇಜಿನಲ್ಲಿ ಹತ್ತು ತರಗತಿಗಳಿವೆಯೆಂದೂ, ಅವುಗಳಲ್ಲಿ ಒಂಬತ್ತರಲ್ಲಿ ತಲಾ 10, ಹತ್ತನೆಯದರಲ್ಲಿ 110 ವಿದ್ಯಾರ್ಥಿಗಳಿದ್ದಾರೆಂದೂ ಇಟ್ಟುಕೊಂಡರೆ, ಕಾಲೇಜು ಯಾವ ಸುಳ್ಳನ್ನೂ ಹೇಳದೆ ತನ್ನ ಸರಾಸರಿ ತರಗತಿ 20ರದು ಎನ್ನಬಹುದು. ಆದರೆ ಇರುವ 200 ಸ್ಥಾನಗಳಲ್ಲಿ 110 ಸ್ಥಾನಗಳು ಆ ಒಂದೇ ದೊಡ್ಡ ತರಗತಿಯಲ್ಲಿವೆ. ಪ್ರತಿ ಸ್ಥಾನದಲ್ಲಿ ಕುಳಿತವರನ್ನೂ ‘ನಿಮ್ಮ ತರಗತಿಯಲ್ಲಿ ಎಷ್ಟು ಜನ?’ ಎಂದು ಕೇಳಿ ಸರಾಸರಿ ತೆಗೆದರೆ ಉತ್ತರ 65. ಮೊದಲನೆಯದು ತರಗತಿಗಳ ಲೆಕ್ಕ, ಎರಡನೆಯದು ವಿದ್ಯಾರ್ಥಿಗಳ ಲೆಕ್ಕ. ಸಂಶೋಧಕರಾದ ಸ್ಕಾಟ್ ಫೆಲ್ಡ್ ಮತ್ತು ಬರ್ನಾರ್ಡ್ ಗ್ರೋಫ್‌ಮನ್ 1977ರಷ್ಟು ಹಿಂದೆಯೇ ಈ ವಿರೋಧಾಭಾಸವನ್ನು ವಿವರಿಸಿದ್ದರೂ ಕರಪತ್ರಗಳಲ್ಲಿ ಇಂದಿಗೂ ಮೊದಲನೆಯ ಲೆಕ್ಕವೇ ರಾರಾಜಿಸುತ್ತಿದೆ. ಪೋಷಕರು ಹಣ ಕೊಡುವುದು ಎರಡನೆಯದಕ್ಕೆ. ರ‍್ಯಾಂಕಿಂಗ್ ಪಟ್ಟಿಯೂ ಇಲ್ಲಿ ನೆರವಿಗೆ ಬಾರದು: ಯು.ಎಸ್. ನ್ಯೂಸ್ 2023ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಪಟ್ಟಿಯಿಂದಲೇ ತರಗತಿಯ ಗಾತ್ರವನ್ನು ಅಳತೆಯಿಂದ ಕೈಬಿಟ್ಟಿದೆ, ಅದಕ್ಕೂ ಹಿಂದಿನ ವರ್ಷ ಕೊಲಂಬಿಯಾದಂಥ ವಿಶ್ವವಿದ್ಯಾಲಯವೇ ತಾನು ತರಗತಿಗಳ ಗಾತ್ರದ ಬಗ್ಗೆ ತಪ್ಪು ಅಂಕಿಗಳನ್ನು ಕೊಟ್ಟಿದ್ದಾಗಿ ಒಪ್ಪಿಕೊಂಡಿತ್ತು.

ಸರಿಯಾದ ಲೆಕ್ಕ ಸಿಗುವುದು ಕಾಮನ್ ಡೇಟಾ ಸೆಟ್ ಎಂಬ ದಾಖಲೆಯಲ್ಲಿ. ಇದು ಬಹುತೇಕ ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ತುಂಬಿ, ತಮ್ಮ ಜಾಲತಾಣದ ಇನ್‌ಸ್ಟಿಟ್ಯೂಷನಲ್ ರಿಸರ್ಚ್ ಪುಟದಲ್ಲಿ ಪ್ರಕಟಿಸುವ ಅಂಕಿ-ಅಂಶಗಳ ಕಡತ. ಅದರ ಐ-3 ಎಂಬ ಕೋಷ್ಟಕದಲ್ಲಿ 2ರಿಂದ 9, 10ರಿಂದ 19 ಎಂದು ಆರಂಭವಾಗಿ 100ಕ್ಕಿಂತ ಮೇಲ್ಪಟ್ಟವರೆಗೆ ಎಷ್ಟೆಷ್ಟು ತರಗತಿಗಳಿವೆ ಎಂಬ ವಿವರ ಇರುತ್ತದೆ. ಪ್ರತಿ ಗುಂಪಿನ ತರಗತಿಗಳ ಸಂಖ್ಯೆಯನ್ನು ಆ ಗುಂಪಿನ ಮಧ್ಯದ ಗಾತ್ರದಿಂದ ಗುಣಿಸಿದರೆ ಎಷ್ಟು ಸ್ಥಾನಗಳು ಸಣ್ಣ ತರಗತಿಯಲ್ಲಿವೆ, ಎಷ್ಟು ದೊಡ್ಡದರಲ್ಲಿವೆ ಎಂಬುದು ಅರ್ಧ ಗಂಟೆಯೊಳಗೆ ತಿಳಿಯುತ್ತದೆ. ಇಷ್ಟಕ್ಕೇ ನಿಲ್ಲಬಾರದು. ಕರ್ನಾಟಕದಿಂದ ಹೋಗುವವರಲ್ಲಿ ಹಲವರ ಒಲವು ಕಂಪ್ಯೂಟರ್ ಸೈನ್ಸ್ ಮತ್ತು ಅರ್ಥಶಾಸ್ತ್ರದ ಕಡೆಗೆ, ಸಣ್ಣ ಕಾಲೇಜುಗಳಲ್ಲಿ ಹೆಚ್ಚು ನೂಕುನುಗ್ಗಲು ಇರುವುದೂ ಈ ವಿಭಾಗಗಳಲ್ಲೇ. ಲ್ಯಾಟಿನ್ ತರಗತಿಯಲ್ಲಿ ನಾಲ್ವರಿರುವುದರಿಂದ ಇಳಿಯುವ ಸರಾಸರಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ಯಾವ ಪ್ರಯೋಜನವನ್ನೂ ತರದು. ಅದೇ ದಾಖಲೆಯ ಜೆ ಭಾಗದಲ್ಲಿ ಪ್ರತಿ ವಿಷಯದಲ್ಲಿ ಶೇಕಡ ಎಷ್ಟು ಮಂದಿ ಪದವಿ ಪಡೆದರೆಂಬುದನ್ನು ನೋಡಿ, ವಿಭಾಗದ ಪುಟದಲ್ಲಿರುವ ಕಾಯಂ ಅಧ್ಯಾಪಕರ ಸಂಖ್ಯೆಯೊಂದಿಗೆ ಹೋಲಿಸಬೇಕು. ಬಳಿಕ ವಿಭಾಗಕ್ಕೆ ನೇರವಾಗಿ ಇ-ಮೇಲ್ ಬರೆದು, ಕಳೆದ ಸೆಮಿಸ್ಟರಿನಲ್ಲಿ ಮೊದಲ ಎರಡು ಕೋರ್ಸ್‌ಗಳಿಗೆ ಎಷ್ಟು ಮಂದಿ ನೋಂದಾಯಿಸಿದ್ದರು, ಸೀಟು ಸಿಗದೆ ಕಾಯುವ ಪಟ್ಟಿಯಲ್ಲಿ ಎಷ್ಟು ಮಂದಿ ಉಳಿದರು ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಕೊಡಲೊಲ್ಲದ ಕಾಲೇಜನ್ನು, ಅದರ ರ‍್ಯಾಂಕ್ ಏನೇ ಇರಲಿ, ಪಟ್ಟಿಯ ಕೆಳಗೆ ಇಳಿಸುವುದು ಉಚಿತ.

ಮೂರನೆಯ ಹೆಜ್ಜೆ ವಿದ್ಯಾರ್ಥಿಗಳು ಅಲ್ಲಿ ಉಳಿಯುತ್ತಾರೆಯೇ ಎಂಬ ಪರಿಶೀಲನೆ. ಮೊದಲ ವರ್ಷಕ್ಕೆ ಸೇರಿದವರಲ್ಲಿ ಎರಡನೆಯ ವರ್ಷಕ್ಕೆ ಮರಳಿದವರ ಪ್ರಮಾಣಕ್ಕೆ ರಿಟೆನ್ಷನ್ ರೇಟ್ ಎನ್ನುತ್ತಾರೆ. ಅದು ಕಾಮನ್ ಡೇಟಾ ಸೆಟ್‌ನ ಬಿ-22ರಲ್ಲಿ ಸಿಗುತ್ತದೆ. ಹೆಸರಾಂತ ಕಾಲೇಜುಗಳಲ್ಲಿ ಇದು ಶೇ 95ರ ಆಸುಪಾಸಿನಲ್ಲಿದ್ದು, ಶೇ 80ಕ್ಕಿಂತ ಕೆಳಗಿದ್ದರೆ ಕಾರಣ ಕೇಳದೆ ಮುಂದುವರಿಯಬಾರದು. ಕಾರಣಗಳು ಬಹುಮಟ್ಟಿಗೆ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಗಳಲ್ಲಿ ಸಿಗುತ್ತವೆ. ವಿಲಿಯಮ್ಸ್ ರೆಕಾರ್ಡ್, ಆಮ್ಹರ್ಸ್ಟ್ ಸ್ಟೂಡೆಂಟ್, ಗ್ರಿನೆಲ್‌ನ ಸ್ಕಾರ್ಲೆಟ್ ಅಂಡ್ ಬ್ಲ್ಯಾಕ್ ಮುಂತಾದವನ್ನು ಅಂತರಜಾಲದಲ್ಲಿ ಓದಬಹುದಾಗಿದ್ದು, ಒಂದು ಪೂರ್ಣ ವರ್ಷದ ಸಂಚಿಕೆಗಳಲ್ಲಿ ಹಾಸ್ಟೆಲ್ ಕೊಠಡಿ, ಊಟ, ಆಪ್ತಸಮಾಲೋಚನೆಗೆ ಕಾಯಬೇಕಾದ ಅವಧಿ, ಅಧ್ಯಾಪಕರ ನೇಮಕಾತಿ ಇವುಗಳ ಬಗ್ಗೆ ಮರುಕಳಿಸುವ ದೂರುಗಳನ್ನು ಗುರುತು ಹಾಕಿಕೊಂಡರೆ ಕಾಲೇಜಿನ ಪ್ರಚಾರ ವೀಡಿಯೊಗಳಲ್ಲಿ ಕಾಣದ ಚಿತ್ರ ಮೂಡುತ್ತದೆ. ದೂರುಗಳಿವೆ ಎಂದು ಬೆದರಬೇಕಿಲ್ಲ. ವಿದ್ಯಾರ್ಥಿಗಳು ನಿರ್ಭಯವಾಗಿ ದೂರಬಲ್ಲ ಕಾಲೇಜು ಆರೋಗ್ಯಕರವಾದದ್ದೇ, ಒಂದೇ ದೂರು ಮೂರು ವರ್ಷ ಉತ್ತರವಿಲ್ಲದೆ ಉಳಿದಿದ್ದರೆ ಮಾತ್ರ ಎಚ್ಚರ ಬೇಕು. ಅಲ್ಲಿ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳೊಂದಿಗೆ ಮಾತನಾಡುವಾಗ ‘ಕಾಲೇಜು ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ದೊರೆಯುತ್ತದೆ. ಡಿಸೆಂಬರ್ ರಜೆಯಲ್ಲಿ ಹಾಸ್ಟೆಲ್ ತೆರೆದಿರುತ್ತದೆಯೇ, ಸಸ್ಯಾಹಾರಿಗೆ ರಾತ್ರಿ ಏನು ಸಿಗುತ್ತದೆ, ಕಾರಿಲ್ಲದೆ ವಿಮಾನ ನಿಲ್ದಾಣ ತಲಪುವುದು ಹೇಗೆ ಎಂದು ಬಿಡಿಸಿ ಕೇಳಬೇಕು, ಏಕೆಂದರೆ ಇಂಥ ಕಾಲೇಜುಗಳಲ್ಲಿ ಹಲವು ಪುಟ್ಟ ಊರುಗಳಲ್ಲಿದ್ದು ಚಳಿಗಾಲ ದೀರ್ಘವೂ ಕಠಿಣವೂ ಆಗಿರುತ್ತದೆ. ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್‌ಗಳಂತೆ ನೆರೆಯ ಕಾಲೇಜುಗಳು ಒಕ್ಕೂಟ ಮಾಡಿಕೊಂಡು ಪರಸ್ಪರರ ತರಗತಿಗಳನ್ನು ತೆರೆದಿಟ್ಟಿರುವ ಕಡೆ ಪುಟ್ಟ ಊರಿನ ಒಂಟಿತನ ಬಹಳಷ್ಟು ಕಡಿಮೆಯಾಗುತ್ತದೆ.

ಹಣದ ಲೆಕ್ಕ ನಾಲ್ಕನೆಯ ಹೆಜ್ಜೆ. ಹೆಸರಾಂತ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 80,000 ಡಾಲರ್ ದಾಟುವುದು ಈಗ ಸಾಮಾನ್ಯ. ಆದರೆ ನೆರವು ಪಡೆಯುವವರು ತೆರುವ ಮೊತ್ತ ಅದಲ್ಲ. ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಸರಾಸರಿ ಎಷ್ಟು ನೆರವು ಸಿಕ್ಕಿತೆಂಬುದು ಕಾಮನ್ ಡೇಟಾ ಸೆಟ್‌ನ ಎಚ್-6ರಲ್ಲಿ ಇರುತ್ತದೆ. ಆಮ್ಹರ್ಸ್ಟ್, ಬೌಡನ್‌ಗಳಂಥ ಕೆಲವೇ ಕಾಲೇಜುಗಳು ವಿದೇಶಿಯರಿಗೂ ನೀಡ್-ಬ್ಲೈಂಡ್ ಆಗಿವೆ, ಅಂದರೆ ಪ್ರವೇಶದ ತೀರ್ಮಾನದಲ್ಲಿ ನೆರವಿನ ಅಗತ್ಯವನ್ನು ಪರಿಗಣಿಸುವುದಿಲ್ಲ. ಉಳಿದ ಬಹುತೇಕ ಕಡೆ ಪರಿಗಣಿಸುತ್ತಾರೆ. ಅಮೆರಿಕ ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್ ತೋರಿಸುವ ಪದವೀಧರರ ಆದಾಯ ಆ ಸರ್ಕಾರದ ನೆರವು ಪಡೆದವರದ್ದು ಮಾತ್ರವಾದ್ದರಿಂದ ಭಾರತೀಯ ವಿದ್ಯಾರ್ಥಿಗಳು ಅದನ್ನು ತಮ್ಮ ಭವಿಷ್ಯದ ಸಂಬಳವೆಂದು ಓದಬಾರದು. ಕಾಲೇಜುಗಳಿಂದ ಕಮಿಷನ್ ಪಡೆಯುವ ಸಲಹಾ ಕೇಂದ್ರಗಳ ಪಟ್ಟಿಯನ್ನು ಕೊನೆಯ ಮಾತೆಂದು ಸ್ವೀಕರಿಸುವುದೂ ತರವಲ್ಲ.

ಕಾಲೇಜು ನಾಲ್ಕು ವರ್ಷ ಬಾಳುತ್ತದೆಯೇ ಎಂಬುದನ್ನೂ ನೋಡಬೇಕಾದ ಕಾಲವಿದು. ನ್ಯೂಯಾರ್ಕ್ ರಾಜ್ಯದಲ್ಲಿ 1868ರಲ್ಲಿ ಸ್ಥಾಪನೆಯಾದ ವೆಲ್ಸ್ ಕಾಲೇಜು 2024ರ ಏಪ್ರಿಲ್‌ನಲ್ಲಿ ಘೋಷಣೆ ಹೊರಡಿಸಿ ಆ ಸೆಮಿಸ್ಟರಿನ ಕೊನೆಗೇ ಮುಚ್ಚಿತು. ಐದು ವರ್ಷಗಳ ದಾಖಲಾತಿ ಇಳಿಮುಖವಾಗಿದೆಯೇ, ದತ್ತಿನಿಧಿ ತಲಾ ವಿದ್ಯಾರ್ಥಿಗೆ ಎಷ್ಟು ಬರುತ್ತದೆ ಎಂಬ ಎರಡನ್ನಾದರೂ ಪರಿಶೀಲಿಸಬೇಕು.

ಇನ್ನುಳಿದದ್ದು ದಿನಾಂಕಗಳು. ಅರ್ಲಿ ಡಿಸಿಷನ್ ಅರ್ಜಿಗೆ ಬಹುತೇಕ ನವೆಂಬರ್ ಮೊದಲಾರ್ಧ, ಸಾಮಾನ್ಯ ಅರ್ಜಿಗೆ ಜನವರಿ ಮೊದಲ ವಾರಗಳು ಗಡುವು. ಅರ್ಲಿ ಡಿಸಿಷನ್ ಎಂದರೆ ಪ್ರವೇಶ ಸಿಕ್ಕರೆ ಅಲ್ಲಿಗೇ ಸೇರುತ್ತೇನೆಂಬ ಬದ್ಧತೆಯಾದ್ದರಿಂದ, ಹಲವು ಕಾಲೇಜುಗಳ ನೆರವನ್ನು ಹೋಲಿಸಿ ನೋಡಲೇಬೇಕಾದ ಕುಟುಂಬಗಳು ಆ ದಾರಿ ಹಿಡಿಯದಿರುವುದೇ ಒಳ್ಳೆಯದು.